‘ಫೈಬರ್’ ಪದದ ಬಳಕೆ: ಕುರ್ಚಿ, ತಟ್ಟೆ, ಕನ್ನಡಕ, ದೋಣಿ

ಮಾನ್ಯರೆ,

ಒಣ ಕಸವನ್ನು ಬೇರ್ಪಡಿಸುವವರಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಫೈಬರ್’ ಎಂಬ ಪದ ಹಲವು ಕಡೆ ಬಂದಿದೆ. ಬಂದ ಕಡೆಯಲ್ಲೆಲ್ಲ ಬೇರೆ ಬೇರೆ ವಸ್ತುವನ್ನು ಸೂಚಿಸುತ್ತಿದೆ. ನಿಮ್ಮ ಊರುಗಳಲ್ಲಿ ಈ ಪದವನ್ನು ಯಾವ ಯಾವ ವಸ್ತುಗಳಿಗೆ ಬಳಸುತ್ತಾರೆ, ಬರವಣಿಗೆಯಲ್ಲಿ ಅದನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳಬಹುದು ಎಂಬುದು ನನ್ನ ಪ್ರಶ್ನೆ.

ಮದುವೆಯ ಶಾಮಿಯಾನದಡಿ ಸಾಲಾಗಿ ಹಾಕುವ, ಒಂದರೊಳಗೊಂದು ಕೂರುವ ಕುರ್ಚಿಗೆ ‘ಫೈಬರ್ ಕುರ್ಚಿ’ ಎನ್ನುತ್ತಾರೆ. ಹೋಟೆಲಿನ ದಪ್ಪ ಬಿಳಿ ತಟ್ಟೆ ‘ಫೈಬರ್ ತಟ್ಟೆ’. ಕನ್ನಡಕದ ಅಂಗಡಿಯಲ್ಲಿ ಗಾಜು ಬೇಕೋ ಫೈಬರ್ ಬೇಕೋ ಎಂದು ಕೇಳುತ್ತಾರೆ. ಬಚ್ಚಲಿಗೆ ‘ಫೈಬರ್ ಬಾಗಿಲು’, ಬೆಳಕು ಬರಲೆಂದು ಮಾಡಿಗೆ ಹೊದಿಸುವ ‘ಫೈಬರ್ ಶೀಟು’, ಕರಾವಳಿಯ ಮೀನುಗಾರರ ‘ಫೈಬರ್ ದೋಣಿ’ ಇವೆಲ್ಲವೂ ದಿನಬಳಕೆಯ ಮಾತುಗಳೇ.

ಇವುಗಳಲ್ಲಿ ‘ನಾರು’ ಎಂಬ ಪದದ ಮೂಲಾರ್ಥಕ್ಕೆ ಸರಿಯಾಗಿ ಹೊಂದುವುದು ದೋಣಿ. ಅಚ್ಚಿನ ಒಳಮೈಗೆ ಬಣ್ಣ ಬೆರೆತ ರಾಳದ ಒಂದು ಪದರವನ್ನು ಬಳಿದು, ಅದರ ಮೇಲೆ ಗಾಜಿನ ನಾರಿನ ಚಾಪೆಯನ್ನು ಹಾಸಿ, ಗಟ್ಟಿಕಾರಕ ಬೆರೆಸಿದ ಪಾಲಿಯೆಸ್ಟರ್ ರಾಳವನ್ನು ಕುಂಚದಿಂದ ನೆನೆಯುವಂತೆ ಹಚ್ಚುತ್ತ, ಬೇಕಾದ ದಪ್ಪ ಬರುವವರೆಗೆ ಪದರದ ಮೇಲೆ ಪದರ ಕಟ್ಟಿ ಅದನ್ನು ತಯಾರಿಸುತ್ತಾರೆ. ರಾಳ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಎಷ್ಟು ಕಾಯಿಸಿದರೂ ಮತ್ತೆ ಮೆತ್ತಗಾಗುವುದಿಲ್ಲ, ಸುಟ್ಟು ಕರಿಯಾಗುತ್ತದೆ. ಇಂತಹ ದೋಣಿಯ ಒಡೆದ ಅಂಚನ್ನು ಹತ್ತಿರದಿಂದ ನೋಡಿದರೆ ಕೂದಲಿನಂತಹ ಬಿಳಿಯ ಎಳೆಗಳು ಹೊರಚಾಚಿರುತ್ತವೆ, ಬರಿಗೈಯಲ್ಲಿ ಸವರಿದರೆ ಚರ್ಮಕ್ಕೆ ಚುಚ್ಚಿಕೊಂಡು ತುರಿಕೆ ಎಬ್ಬಿಸುತ್ತವೆ. ಈ ವಸ್ತುವಿಗೆ ಫೈಬರ್ ಎನ್ನುವುದು ಸಂಪೂರ್ಣವಾಗಿ ಸಮಂಜಸ.

ಮದುವೆಮನೆಯ ಕುರ್ಚಿಯಲ್ಲಿ ಸಾಮಾನ್ಯವಾಗಿ ನಾರಿನ ಒಂದು ಎಳೆಯೂ ಇರುವುದಿಲ್ಲ. ಅದನ್ನು ಮಗುಚಿ ತಳಭಾಗವನ್ನು ನೋಡಿದರೆ ಹೆಚ್ಚಿನವುಗಳಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ, ಅದರ ಕೆಳಗೆ ಪಿಪಿ ಎಂಬ ಅಕ್ಷರಗಳು ಕಾಣುತ್ತವೆ. ಪಿಪಿ ಎಂದರೆ ಪಾಲಿಪ್ರೊಪಿಲೀನ್. ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕರಗುವ ಈ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಅಚ್ಚಿಗೆ ನುಗ್ಗಿಸಿ ಇಡೀ ಕುರ್ಚಿಯನ್ನು ಒಂದೇ ತುಂಡಾಗಿ ತೆಗೆಯುತ್ತಾರೆ. ಅದು ನೀರಿಗಿಂತ ಹಗುರವಾದ್ದರಿಂದ ಶುದ್ಧವಾದ ತುಣುಕು ನೀರಿನಲ್ಲಿ ತೇಲುತ್ತದೆ. ಅಗ್ಗವಾಗಲೆಂದು ಸುಣ್ಣಕಲ್ಲಿನ ಪುಡಿಯನ್ನು ಹೆಚ್ಚಾಗಿ ಬೆರೆಸಿದ್ದರೆ ಮುಳುಗಲೂಬಹುದು. ಮುರಿದ ಕುರ್ಚಿಯನ್ನು ಗುಜರಿಯವರು ತೂಕಕ್ಕೆ ಕೊಳ್ಳುವುದು ಅದನ್ನು ಪುಡಿಮಾಡಿ ಕರಗಿಸಿ ಮತ್ತೊಂದು ವಸ್ತು ಮಾಡಲು ಬರುತ್ತದೆ ಎಂಬ ಕಾರಣಕ್ಕೆ. ದೋಣಿಯ ತುಂಡಿಗೆ ಆ ದಾರಿ ಇಲ್ಲ. ಕೈಪಿಡಿಯಲ್ಲಿ ಎರಡನ್ನೂ ಫೈಬರ್ ಎಂದು ಕರೆದು ಒಂದೇ ಚೀಲಕ್ಕೆ ಹಾಕಿ ಎಂದರೆ, ಬೇರ್ಪಡಿಸುವ ಕೆಲಸಕ್ಕೆ ಅರ್ಥವೇ ಉಳಿಯುವುದಿಲ್ಲ.

ಹೋಟೆಲಿನ ತಟ್ಟೆ ಹೆಚ್ಚಾಗಿ ಮೆಲಮೈನ್ ಎಂಬ ಪ್ಲಾಸ್ಟಿಕ್ಕಿನದು. ಕುಕ್ಕರಿನ ಹಿಡಿಕೆಗೆ ಬಳಸುವ ಬೇಕಲೈಟಿನಂತೆ ಇದೂ ಒಮ್ಮೆ ಗಟ್ಟಿಯಾದರೆ ಮರಳಿ ಕರಗದ ಜಾತಿಯದು. ಕನ್ನಡಕದ ‘ಫೈಬರ್’ ಬಹುಪಾಲು ಸಿಆರ್-39 ಎಂಬ ಪಾರದರ್ಶಕ ರಾಳ. 1940ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಅದರ ತೂಕ ಗಾಜಿನ ತೂಕದ ಸುಮಾರು ಅರ್ಧದಷ್ಟು. ಅದರಲ್ಲಿ ಒಂದು ಎಳೆ ಇದ್ದರೂ ಎದುರಿನದು ಸ್ವಚ್ಛವಾಗಿ ಕಾಣಿಸದು. ಬಚ್ಚಲ ಬಾಗಿಲುಗಳಲ್ಲಿ ಗಾಜಿನ ನಾರಿನವೂ ಇವೆ, ಪಿವಿಸಿಯವೂ ಇವೆ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್ ಇರುವುದರಿಂದ ಅದನ್ನು ಸುಟ್ಟರೆ ಗಂಟಲು ಕಟ್ಟುವ ಆಮ್ಲದ ಹೊಗೆ ಏಳುತ್ತದೆ. ಅದು ಬೇರೆ ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ಕುಲುಮೆಗೆ ಹೋದರೆ ಮಿಕ್ಕದ್ದನ್ನೂ ಕೆಡಿಸುತ್ತದೆ. ಹೀಗಾಗಿ ಬಾಗಿಲಿನ ವಿಷಯದಲ್ಲಿ ಹೆಸರು ಸ್ಪಷ್ಟವಾಗಿರುವುದು ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ.

ಪದ ಹೀಗೆ ಹರಡಿದ್ದಕ್ಕೆ ಕಾರಣವನ್ನು ಊಹಿಸಬಹುದು. ಕನ್ನಡದಲ್ಲಿ ‘ಪ್ಲಾಸ್ಟಿಕ್’ ಎಂಬ ಮಾತಿಗೆ ಅಗ್ಗದ್ದು, ಬೇಗ ಒಡೆಯುವಂಥದ್ದು, ಬಿಸಾಡುವಂಥದ್ದು ಎಂಬ ಭಾವ ಅಂಟಿಕೊಂಡಿದೆ. “ಇದು ಪ್ಲಾಸ್ಟಿಕ್ ಅಲ್ಲ ಸಾರ್, ಫೈಬರ್” ಎಂದು ಅಂಗಡಿಯವರು ಹೇಳುವಾಗ ಅವರು ರಾಸಾಯನಿಕ ವರ್ಗೀಕರಣ ಮಾಡುತ್ತಿರುವುದಿಲ್ಲ, ಇದು ಬಾಳಿಕೆ ಬರುತ್ತದೆ ಎಂಬ ಭರವಸೆ ಕೊಡುತ್ತಿರುತ್ತಾರೆ. ಅಂದರೆ ಆಡುಮಾತಿನಲ್ಲಿ ಫೈಬರ್ ಎಂದರೆ ‘ಗಟ್ಟಿಮುಟ್ಟಾದ ಪ್ಲಾಸ್ಟಿಕ್’ ಎಂಬ ಸ್ವತಂತ್ರ ಅರ್ಥವೇ ನೆಲೆಗೊಂಡಿದೆ. ನಿಘಂಟುಕಾರರು ಇದನ್ನು ತಪ್ಪೆಂದು ತಳ್ಳಿಹಾಕದೆ ಎರಡನೆಯ ಅರ್ಥವಾಗಿ ದಾಖಲಿಸಬೇಕೆಂಬುದು ನನ್ನ ಅಭಿಪ್ರಾಯ. ಕೈಪಿಡಿಯ ಅಗತ್ಯ ಮಾತ್ರ ಬೇರೆ.

ಕೈಪಿಡಿಗೆ ಇನ್ನೂ ಒಂದು ತೊಡಕಿದೆ. ಕರಡಿನಲ್ಲಿ ಎರಡು ಮುಖ್ಯ ಜಾತಿಗಳನ್ನು ‘ಕರಗುವ ಪ್ಲಾಸ್ಟಿಕ್’, ‘ಕರಗದ ಪ್ಲಾಸ್ಟಿಕ್’ ಎಂದು ಕರೆಯಲಾಗಿದೆ. ನಮ್ಮಲ್ಲಿ ಬೆಂಕಿಗೆ ಮೇಣ ಕರಗುತ್ತದೆ, ನೀರಿನಲ್ಲಿ ಸಕ್ಕರೆ ಕರಗುತ್ತದೆ. ಪತ್ರಿಕೆಗಳಲ್ಲಿ ‘ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್’ ಎಂಬ ಮಾತೂ ರೂಢಿಯಾಗಿದೆ. ‘ಕರಗುವ ಪ್ಲಾಸ್ಟಿಕ್’ ಎಂದು ಓದಿದವರು ಹಾಲಿನ ಪೊಟ್ಟಣ ಮಣ್ಣಿನಲ್ಲಿ ಕರಗಿಹೋಗುತ್ತದೆ ಎಂದು ತಿಳಿಯುವ ಅಪಾಯವಿದೆ. ಪಾಲಿಥೀನಿನ ಆ ಪೊಟ್ಟಣ ನೂರು ಡಿಗ್ರಿಗಿಂತ ತುಸು ಹೆಚ್ಚಿನ ಬಿಸಿಗೆ ಕರಗುತ್ತದೆ ನಿಜ, ಮಣ್ಣಿನಲ್ಲಿ ಮಾತ್ರ ಬಹುಕಾಲ ಹಾಗೆಯೇ ಉಳಿಯುತ್ತದೆ. ಆದ್ದರಿಂದ ‘ಕಾಯಿಸಿದರೆ ಮೆತ್ತಗಾಗುವ’, ‘ಕಾಯಿಸಿದರೂ ಮೆತ್ತಗಾಗದ’ ಎಂದು ಬಿಡಿಸಿ ಬರೆಯುವುದೇ ಕ್ಷೇಮವೆಂದು ಸದ್ಯಕ್ಕೆ ತಿದ್ದಿದ್ದೇನೆ. ಮೊದಲನೆಯ ಜಾತಿಯನ್ನು ಒಂದೇ ಪದದಲ್ಲಿ ಹೇಳಬೇಕಾದಲ್ಲಿ ‘ಮರುಎರಕದ ಪ್ಲಾಸ್ಟಿಕ್’ ಎನ್ನಬಹುದೇ ಎಂದು ಯೋಚಿಸುತ್ತಿದ್ದೇನೆ. ಲೋಹದ ಕೆಲಸದಿಂದ ಬಂದ ‘ಎರಕ’ ಇಲ್ಲಿ ಅಸಹಜವಾಗದು ಎನಿಸುತ್ತದೆ.

‘ಫೈಬರ್’ ಪದವನ್ನು ಗಾಜಿನ ನಾರು ಇರುವ ವಸ್ತುಗಳಿಗಷ್ಟೇ ಮೀಸಲಿಟ್ಟು, ಕುರ್ಚಿಗೆ ‘ಪಿಪಿ ಕುರ್ಚಿ, ಜನರು ಫೈಬರ್ ಕುರ್ಚಿ ಎನ್ನುವುದು’ ಎಂದು ಜನಬಳಕೆಯ ಹೆಸರನ್ನೂ ಜೊತೆಗೆ ಕೊಡಬೇಕೆಂದಿದ್ದೇನೆ. ಹುಬ್ಬಳ್ಳಿ, ಕಲಬುರಗಿ ಕಡೆಯವರು ಈ ಕುರ್ಚಿಗೂ ತಟ್ಟೆಗೂ ಇದೇ ಪದವನ್ನು ಬಳಸುತ್ತಾರೆಯೇ? ಕರಾವಳಿಯಲ್ಲಿ ದೋಣಿಗೆ ಗಾಜಿನ ನಾರು ಹಾಸುವವರು ಆ ಚಾಪೆಗೆ, ರಾಳಕ್ಕೆ ಏನೆನ್ನುತ್ತಾರೆ? ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆಗಳಲ್ಲಿ ದುಡಿಯುವವರ ಬಾಯಲ್ಲಿ ಕಾಯಿಸಿದರೆ ಮೆತ್ತಗಾಗುವ, ಮೆತ್ತಗಾಗದ ಈ ಎರಡು ಜಾತಿಗಳಿಗೆ ಬೇರೆ ಬೇರೆ ಕನ್ನಡದ ಹೆಸರುಗಳಿದ್ದರೆ, ಅವನ್ನು ಅವರು ಆಡುವ ರೂಪದಲ್ಲಿಯೇ ತಿಳಿಸಬೇಕೆಂದು ಕೋರುತ್ತೇನೆ.