ಕ್ಯಾಲ್ಸಿಯಂ ಸ್ಕೋರ್ ಸೊನ್ನೆ, ಆದರೂ ಪ್ಲಾಕ್ ಇದೆ ಎನ್ನುವ ಸಿ.ಟಿ. ವರದಿ

ಪ್ರಶ್ನೆ:
ನಮಸ್ಕಾರ. ಎದೆನೋವಿಗಾಗಿ ನಮ್ಮ ತಂದೆಯವರಿಗೆ ಮಾಡಿಸಿದ ಸಿ.ಟಿ. ಆಂಜಿಯೋಗ್ರಾಂ ವರದಿಯಲ್ಲಿ ಕ್ಯಾಲ್ಸಿಯಂ ಸ್ಕೋರ್ ಸೊನ್ನೆ ಎಂದಿದೆ. ಆದರೆ ಅದರ ಕೆಳಗೇ ಎಲ್‌ಎಡಿ ಎಂಬ ಹೃದಯದ ರಕ್ತನಾಳದಲ್ಲಿ ಕ್ಯಾಲ್ಸಿಯಂ ಇಲ್ಲದ ಪ್ಲಾಕ್ (ನಾಳದ ಗೋಡೆಯಲ್ಲಿ ಕೂಡಿಕೊಂಡ ಕೊಬ್ಬು ಮೊದಲಾದವುಗಳ ಪದರ) ಇದೆ, ‘ಕ್ಯಾಡ್-ರ‍್ಯಾಡ್ಸ್ 2/ಎಚ್‌ಆರ್‌ಪಿ’ ಎಂದೂ ಬರೆದಿದ್ದಾರೆ. ಇವೆರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವೇ? ಪ್ಲಾಕಿನೊಳಗೆ ಏನಿದೆ ಎಂಬುದು ಸಿ.ಟಿ.ಗೆ ತಿಳಿಯುವುದಾದರೂ ಹೇಗೆ?

ಉತ್ತರ 1 (ರೇಡಿಯಾಲಜಿ ವಿಭಾಗದಿಂದ):
ಸಾಧ್ಯವಿದೆ. ಕಾಂಟ್ರಾಸ್ಟ್ (ನಾಳಗಳು ಎದ್ದು ಕಾಣಲು ಚುಚ್ಚುವ ದ್ರವ) ಕೊಡದೆ ತೆಗೆದ ಚಿತ್ರದಲ್ಲಿ 130 ಹೌನ್ಸ್‌ಫೀಲ್ಡ್ ಮಾನವನ್ನು (ಸಿ.ಟಿ. ಚಿತ್ರದಲ್ಲಿ ಸಾಂದ್ರತೆಯ ಅಳತೆ) ಮುಟ್ಟಿದ ಅಥವಾ ದಾಟಿದ ಭಾಗವನ್ನಷ್ಟೇ ಕ್ಯಾಲ್ಸಿಯಂ ಸ್ಕೋರ್ ಲೆಕ್ಕಕ್ಕೆ ಹಿಡಿಯುತ್ತದೆ. ಇನ್ನೂ ಗಟ್ಟಿಯಾಗದ ಪ್ಲಾಕ್ ಅದರ ಕಣ್ಣಿಗೆ ಬೀಳುವುದಿಲ್ಲ. ಕ್ಯಾಡ್-ರ‍್ಯಾಡ್ಸ್ ಎಂಬುದು ಹೃದಯದ ನಾಳ ಎಷ್ಟು ಕಿರಿದಾಗಿದೆ ಎಂದು ತಿಳಿಸುವ ಶ್ರೇಣಿ. ನಿಮ್ಮ ವರದಿಯ ‘2’ ಎಂದರೆ ನಾಳ ಶೇ 25ರಿಂದ 49ರಷ್ಟು ಕಿರಿದಾಗಿದೆ ಎಂದರ್ಥ. 30 ಹೌನ್ಸ್‌ಫೀಲ್ಡ್‌ಗಿಂತ ಕಡಿಮೆ ಸಾಂದ್ರತೆ (ಕೊಬ್ಬಿನ ಸೂಚನೆ), ನಾಳದ ಗೋಡೆ ಹೊರಕ್ಕೆ ಉಬ್ಬಿರುವುದು, ಚುಕ್ಕೆಯಂಥ ಕ್ಯಾಲ್ಸಿಯಂ, ಪ್ಲಾಕಿನ ಸುತ್ತ ಉಂಗುರದಂತೆ ಕಾಣುವ ಅಂಚು, ಈ ನಾಲ್ಕರಲ್ಲಿ ಎರಡಾದರೂ ಕಂಡಾಗ ಎಚ್‌ಆರ್‌ಪಿ, ಅಂದರೆ ಹೆಚ್ಚು ಅಪಾಯದ ಪ್ಲಾಕ್, ಎಂದು ಸೇರಿಸುತ್ತೇವೆ.

ಆದರೆ ಸಾಂದ್ರತೆಯ ಅಂಕಿಯನ್ನು ಕೊಬ್ಬಿನ ನೇರ ಅಳತೆ ಎಂದು ತಿಳಿಯಬಾರದು. ಕ್ಷ-ಕಿರಣ ನಳಿಕೆಯ ವೋಲ್ಟೇಜ್ ಬದಲಾದರೆ, ನಾಳದಲ್ಲಿ ಕಾಂಟ್ರಾಸ್ಟ್ ಹೆಚ್ಚಾದರೆ ಆ ಅಂಕಿಯೂ ಏರಿಳಿಯುತ್ತದೆ. ಕೊಬ್ಬು ಮತ್ತು ನಾರಿನಂಶದ ಅಂಕಿಗಳು ಒಂದರೊಳಗೊಂದು ಬೆರೆತೂ ಇರುತ್ತವೆ. ಪ್ಲಾಕಿನ ಮೇಲಿನ ತೆಳು ಪೊರೆಯಂತೂ ಸಾಮಾನ್ಯ ಸಿ.ಟಿ.ಯಲ್ಲಿ ಕಾಣುವುದೇ ಇಲ್ಲ: ಅಪಾಯಕಾರಿ ಪೊರೆಯ ದಪ್ಪ ಸುಮಾರು 65 ಮೈಕ್ರಾನ್, ಯಂತ್ರ ಬಿಡಿಸಿ ತೋರಬಲ್ಲದ್ದು ಸುಮಾರು ಅರ್ಧ ಮಿಲಿಮೀಟರ್.

ಉತ್ತರ 2 (ಹೃದ್ರೋಗ ವಿಭಾಗದಿಂದ):
ಮೇಲಿನ ಮಾತಿಗೆ ಸ್ಕಾಟ್ಲೆಂಡಿನ ಸ್ಕಾಟ್-ಹಾರ್ಟ್ ಅಧ್ಯಯನವನ್ನು ಸೇರಿಸುತ್ತೇನೆ. 2020ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯಲ್ಲಿ, ನಾಳದ ಗಾತ್ರದಲ್ಲಿ ಕಡಿಮೆ ಸಾಂದ್ರತೆಯ ಪ್ಲಾಕಿನ ಪ್ರಮಾಣ ಶೇ 4ನ್ನು ಮೀರಿದವರಿಗೆ ಹೃದಯಾಘಾತದ ಸಾಧ್ಯತೆ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಆದ್ದರಿಂದ ನಾಳ ಎಷ್ಟು ಕಿರಿದಾಗಿದೆ ಎಂಬುದರ ಜೊತೆಗೆ ಅಂಥ ಪ್ಲಾಕ್ ಒಟ್ಟು ಎಷ್ಟಿದೆ ಎಂಬುದನ್ನೂ ವೈದ್ಯರಲ್ಲಿ ಕೇಳಿ. ಇಷ್ಟು ಕಿರಿದಾಗಿರುವುದಕ್ಕೆ ಸಾಮಾನ್ಯವಾಗಿ ಸ್ಟೆಂಟ್ ಹಾಕುವುದಿಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ರಕ್ತದೊತ್ತಡದ ಹತೋಟಿ, ಧೂಮಪಾನವಿದ್ದರೆ ಅದನ್ನು ಬಿಡುವುದು, ಚಿಕಿತ್ಸೆ ಹೆಚ್ಚಾಗಿ ಈ ದಾರಿಯಲ್ಲೇ ಸಾಗುತ್ತದೆ.

ಉತ್ತರ 3:
ಒಂದು ಮಾತು ಉಳಿಯಿತು. ಸ್ಟ್ಯಾಟಿನ್ ಪ್ಲಾಕನ್ನು ಗಟ್ಟಿಯಾಗಿಸುವುದರಿಂದ ಮುಂದೆ ಕ್ಯಾಲ್ಸಿಯಂ ಸ್ಕೋರ್ ಏರಬಹುದು. ಅದನ್ನು ಕಂಡು ಮಾತ್ರೆ ಕೆಲಸ ಮಾಡಲಿಲ್ಲವೆಂದು ತಾವಾಗಿಯೇ ನಿಲ್ಲಿಸಬೇಡಿ.