ಮೈಲೇಜ್, ಉಪ್ಪು ಗಾಳಿ, ಡಿಕ್ಕಿಯಲ್ಲಿ ಮೀನಿನ ನೀರು: ಗ್ಯಾರೇಜಿನವರ ಹತ್ತಿರ ಕೇಳಿ

ಸುರತ್ಕಲ್‌ನಿಂದ ಪ್ರಶ್ನೆ: ನನ್ನದು ಸಣ್ಣ ಪೆಟ್ರೋಲ್ ಕಾರು. ದಿನಾ ಹಂಪನಕಟ್ಟೆಗೆ ಹೋಗಿ ಬರುತ್ತೇನೆ. ಮಳೆ ಶುರುವಾದ ಮೇಲೆ ಮೈಲೇಜ್ ಎದ್ದು ಕಾಣುವಷ್ಟು ಇಳಿದಿದೆ. ಸರ್ವಿಸ್ ಆಗಿದೆ. ಟ್ಯಾಂಕಿಗೆ ಹಾಕುವ ಅಡಿಟಿವ್ ಬಾಟಲಿ ತೆಗೆದುಕೊಳ್ಳಿ ಅಂತ ಒಬ್ಬರು ಹೇಳಿದರು. ಹಾಕಬಹುದಾ?

ಉತ್ತರ: ಬಾಟಲಿಗೆ ದುಡ್ಡು ಹಾಕಬೇಡಿ. ಮೊದಲು ಬ್ರೇಕ್ ನೋಡಿಸಿ. ಮಳೆಗಾಲದಲ್ಲಿ ಯಾರಾದರೂ ಮೈಲೇಜ್ ಇಲ್ಲ ಅಂತ ಬಂದರೆ ನಾನು ಬಾನೆಟ್ ತೆಗೆಯುವ ಮೊದಲು ಹಿಂದಿನ ಚಕ್ರ ನೋಡುತ್ತೇನೆ. ಒದ್ದೆ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದು ಎರಡು ದಿನ ಸುಮ್ನೆ ನಿಲ್ಲಿಸಿದರೆ ಸಾಕು, ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನ ಒಳಗೆ ತುಕ್ಕು ಬಂದು ಬ್ರೇಕ್ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿ) ಅಂಟಿಕೊಳ್ಳುತ್ತದೆ, ಹೊರಡುವಾಗ ಟಕ್ ಅಂತ ಬಿಟ್ಟುಕೊಳ್ಳುತ್ತದೆ, ಆದರೆ ಕೆಲವು ಸಲ ಪೂರ್ತಿ ಬಿಡುವುದಿಲ್ಲ. ಆಗ ಇಂಜಿನ್ ಇಡೀ ದಿನ ಬ್ರೇಕಿನ ವಿರುದ್ಧ ಎಳೆಯುತ್ತಾ ಇರುತ್ತದೆ.

ಇದನ್ನು ನೀವೇ ನೋಡಬಹುದು. ಬ್ರೇಕ್ ಜಾಸ್ತಿ ತುಳಿಯದೆ ಐದಾರು ಕಿಲೋಮೀಟರ್ ಓಡಿಸಿ. ನಿಲ್ಲಿಸಿ ಚಕ್ರಗಳ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಸುಡಬಹುದು. ಹಿಂದಿನ ಎರಡರಲ್ಲಿ ಒಂದು ಮಾತ್ರ ಬಿಸಿ ಹೊಡೆಯುತ್ತಿದ್ದರೆ ನಿಮ್ಮ ಪೆಟ್ರೋಲ್ ಹೋಗುವುದು ಅಲ್ಲಿಗೆ. ಗ್ಯಾರೇಜಿನಲ್ಲಿ ಡ್ರಮ್ ತೆಗೆದು ಕ್ಲೀನ್ ಮಾಡಿಸಿ. ಮುಂದಕ್ಕೆ, ಸಮತಟ್ಟಾದ ಅಂಗಳದಲ್ಲಿ ದಿನಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಬೇಡ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಆಮೇಲೆ ಟಯರಿನ ಗಾಳಿ. ಎಷ್ಟು ಬೇಕು ಅಂತ ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಬೇಕು. 33 ಇರಬೇಕಾದಲ್ಲಿ 27 ಇದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ, ಪೆಟ್ರೋಲ್ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಸುರತ್ಕಲ್‌ನವರದ್ದೇ ಇನ್ನೊಂದು ಪ್ರಶ್ನೆ: ಎಥೆನಾಲ್ ಹಾಕಿದ ಪೆಟ್ರೋಲಿನಿಂದ ಅಂತ ಎಲ್ಲರೂ ಹೇಳುತ್ತಾರಲ್ಲ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಒಂದು ಲೀಟರ್ ಎಥೆನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. 20 ಶೇಕಡಾ ಬೆರೆಸಿದಾಗ, ಬೆರೆಸದ ಪೆಟ್ರೋಲಿಗಿಂತ 6-7 ಶೇಕಡಾ ಶಕ್ತಿ ಕಡಿಮೆಯಾಗುತ್ತದೆ. ಹಿಂದಿನ 10 ಶೇಕಡಾ ಮಿಶ್ರಣಕ್ಕೆ ಹೋಲಿಸಿದರೆ ಇನ್ನೂ ಸಣ್ಣ ವ್ಯತ್ಯಾಸ, 3-4 ಶೇಕಡಾ. ಆದರೆ ಅದು ಮಳೆ ಬಂದ ಕೂಡಲೇ ಶುರುವಾಗುವುದಿಲ್ಲ ಅಲ್ವಾ? ಎಲ್ಲವನ್ನೂ ಎಥೆನಾಲಿನ ತಲೆಗೆ ಕಟ್ಟಿದರೆ ಅಂಟಿಕೊಂಡ ಬ್ರೇಕ್ ಹಾಗೇ ಉಳಿಯುತ್ತದೆ.

ಇನ್ನೊಂದು, ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ಪೂರ್ತಿ ನಂಬಬೇಡಿ. ಪಂಪಿನ ನಳಿಗೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ಅದೇ ಪಂಪಿನಲ್ಲಿ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ.

ಕಾಪುವಿನಿಂದ ಪ್ರಶ್ನೆ: ಹೆದ್ದಾರಿ 66ರಲ್ಲಿ 80ರಲ್ಲಿ ಹೋದರೆ ನಿಜವಾಗಿ ಉಳಿತಾಯ ಉಂಟಾ? ನಾನು 100ರಲ್ಲೇ ಹೋಗುವುದು.

ಉತ್ತರ: ಉಂಟು, ಚೆನ್ನಾಗಿಯೇ ಉಂಟು. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಜಾಸ್ತಿ, ಗಾಳಿಯ ತಡೆ ಒಂದೂವರೆ ಪಟ್ಟು. 60 ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಉಳಿಯುವ ಸಮಯ 9 ನಿಮಿಷ. ಅದೂ ರಸ್ತೆ ಪೂರ್ತಿ ಖಾಲಿ ಇದ್ದರೆ. ಮೂಲ್ಕಿ, ಪಡುಬಿದ್ರಿಯಲ್ಲಿ ಹೇಗೂ ನಿಧಾನ ಮಾಡಲೇಬೇಕು, ಅಲ್ಲಿ ಬ್ರೇಕ್ ತುಳಿದಾಗ ಪೆಟ್ರೋಲ್ ಸುಟ್ಟು ಗಳಿಸಿದ ವೇಗ ಬರೀ ಬಿಸಿಯಾಗಿ ಹೋಗುತ್ತದೆ. ದೂರದಲ್ಲಿ ಬ್ಯಾರಿಕೇಡ್ ಕಂಡಾಗಲೇ ಆಕ್ಸಿಲರೇಟರ್ ಬಿಡಿ, ಗಾಡಿ ಗೇರಿನಲ್ಲೇ ತಾನಾಗಿ ನಿಧಾನ ಆಗಲಿ.

ಮಣಿಪಾಲದಿಂದ ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದಲ್ಲ?

ಉತ್ತರ: ಬೇಡ ಮಾರಾಯ್ರೆ, ದಯವಿಟ್ಟು ಬೇಡ. ಇದು ಕಾರ್ಬ್ಯುರೇಟರ್ ಕಾಲದಿಂದ ಉಳಿದ ಅಭ್ಯಾಸ. ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೇ ನಿಲ್ಲಿಸುತ್ತದೆ. ಚಕ್ರವೇ ಇಂಜಿನನ್ನು ತಿರುಗಿಸುತ್ತದೆ, ಪೆಟ್ರೋಲ್ ಖರ್ಚು ಸೊನ್ನೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆರದೆ ಇರಲು ಪೆಟ್ರೋಲ್ ಕುಡಿಯಲೇಬೇಕು. ಅಂದರೆ ಉಳಿಸಲು ಹೋಗಿ ನೀವು ಖರ್ಚು ಮಾಡುತ್ತಿದ್ದೀರಿ. ಜೊತೆಗೆ ಇಡೀ ಭಾರ ಬ್ರೇಕಿನ ಮೇಲೆ. ಆಗುಂಬೆಯ 14 ತಿರುವುಗಳಲ್ಲಿ ಬ್ರೇಕ್ ಕಾದು ಹಿಡಿಯದೆ ಹೋದರೆ ಯಾವ ಮೈಲೇಜ್ ಯಾರಿಗೆ ಬೇಕು? ಎರಡನೇ ಗೇರಿನಲ್ಲಿ ಇಳಿಯಿರಿ.

ಉಡುಪಿಯಿಂದ ಪ್ರಶ್ನೆ: ಎಸಿ ಹಾಕುವುದಾ, ಕಿಟಕಿ ತೆಗೆಯುವುದಾ?

ಉತ್ತರ: ಪೇಟೆಯಲ್ಲಿ ನಿಧಾನಕ್ಕೆ ಹೋಗುವಾಗ ಕಿಟಕಿ. ಹೆದ್ದಾರಿಯಲ್ಲಿ ಎಸಿ. ಕಲ್ಸಂಕದಲ್ಲಿ ಬ್ಲಾಕ್ ಆಗಿ ನಿಂತರೆ ಇಂಜಿನ್ ಆಫ್ ಮಾಡಿ, ಸುಮ್ನೆ ಉರಿಸಬೇಡಿ.

ಮಲ್ಪೆಯಿಂದ ಪ್ರಶ್ನೆ: ಬಂದರಿನಿಂದ ಬಂಗುಡೆ ತರುವಾಗ ಡಿಕ್ಕಿಯಲ್ಲಿ ಐಸ್ ನೀರು ಚೆಲ್ಲಿತು. ಪರ್ಫ್ಯೂಮ್ ಇಟ್ಟರೂ ವಾಸನೆ ಹೋಗುತ್ತಿಲ್ಲ. ಮನೆ ಕಡಲ ಬದಿಯಲ್ಲೇ, ತುಕ್ಕಿನ ಹೆದರಿಕೆಯೂ ಉಂಟು.

ಉತ್ತರ: ಪರ್ಫ್ಯೂಮ್ ತೆಗೆದುಬಿಡಿ, ಅದರಿಂದ ಎರಡು ವಾಸನೆ ಆಗುತ್ತದೆ ಅಷ್ಟೇ. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆಯಿರಿ. ನೀರು ಆ ಗುಂಡಿಯಲ್ಲಿ ನಿಂತಿರುತ್ತದೆ. ಮೀನಿನ ನೀರಿನಲ್ಲಿ ಉಪ್ಪೂ ಉಂಟು, ಅದು ಗುಂಡಿಯ ಮೂಲೆಯಲ್ಲಿ ಕುಳಿತು ತಗಡನ್ನು ತಿನ್ನುತ್ತದೆ. ತಳದಲ್ಲಿ ರಬ್ಬರ್ ಬಿರಡೆ ಇದ್ದರೆ ತೆಗೆದು, ಸ್ವಲ್ಪ ಶಾಂಪೂ ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ ಬಿರಡೆ ಮತ್ತೆ ಹಾಕಿ. ಮ್ಯಾಟನ್ನು ತೊಳೆದು ಒಣಗಿಸಿ, ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ವ್ಯಾಕ್ಯೂಮ್ ಮಾಡಿ. ಇನ್ನು ಮೇಲೆ ಮುಚ್ಚಳ ಇರುವ ಥರ್ಮೋಕೋಲ್ ಪೆಟ್ಟಿಗೆಯಲ್ಲೇ ತನ್ನಿ.

ತುಕ್ಕಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ, ಏಕೆಂದರೆ ಕರಾವಳಿಯ ಗಾಡಿಗಳು ಹಾಳಾಗುವುದು ಕಣ್ಣಿಗೆ ಕಾಣದ ಕಡೆ. ಮೇಲೆ ಪಾಲಿಶ್ ಹೊಡೆದು ಫಳಫಳ ಮಾಡಿರುತ್ತಾರೆ, ಲಿಫ್ಟಿಗೆ ಏರಿಸಿದರೆ ಅಡಿಯಲ್ಲಿ ತಗಡು ಪದರ ಪದರ ಏಳುತ್ತಿರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಉಪ್ಪು ಕುಳಿತ ಜಾಗ ಒಣಗುವುದೇ ಇಲ್ಲ. ಮಳೆಯೇ ತೊಳೆಯುತ್ತದೆ ಅಂತ ಬಿಡಬೇಡಿ, ಮಳೆ ಅಡಿಗೆ ಬೀಳುವುದಿಲ್ಲ. ಚಕ್ರದ ಮೇಲಿನ ಕಮಾನಿನಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ದಿನಗಟ್ಟಲೆ ಒದ್ದೆ ಇರುತ್ತದೆ. ಪೈಪ್ ಹಿಡಿದು ಸಾದಾ ನೀರು ಬಿಟ್ಟು ಆ ಮಣ್ಣು ತೆಗೆಯಿರಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ, ಅವು ಕಟ್ಟಿದ್ದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಅಡಿಗೆ ಡೀಸೆಲ್, ಹಳೇ ಆಯಿಲ್ ಸ್ಪ್ರೇ ಹೊಡೆಸುವವರು ಈಗಲೂ ಇದ್ದಾರೆ. ಬೇಡ. ಸಸ್ಪೆನ್ಶನ್ನಿನ ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ.

ಕಾರ್ಕಳದಿಂದ ಪ್ರಶ್ನೆ: ಹಲಸಿನ ಮರದ ಅಡಿಯಲ್ಲಿ ನಿಲ್ಲಿಸುವುದು. ಮೇಣ ಬಿದ್ದದ್ದು ಹೋಗುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿದೆ.

ಉತ್ತರ: ಉಜ್ಜಬೇಡಿ, ಗೆರೆ ಬೀಳುತ್ತದೆ. ಪಾತ್ರೆಯ ಲಿಕ್ವಿಡ್ ಪೇಂಟಿನ ಮೇಲಿನ ವ್ಯಾಕ್ಸನ್ನೂ ತೆಗೆಯುತ್ತದೆ. ಹಲಸು ಕೊಯ್ಯುವಾಗ ಕೈಗೆ ತೆಂಗಿನೆಣ್ಣೆ ಹಚ್ಚುತ್ತೀರಲ್ಲ, ಅದನ್ನೇ ಮೇಣದ ಮೇಲೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಮೆತ್ತಗಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆಲ್ಲ ತೆಗೆದು, ಕಾರ್ ಶಾಂಪೂವಿನಲ್ಲಿ ಆ ಜಾಗ ತೊಳೆಯಿರಿ, ಎಣ್ಣೆ ಉಳಿದರೆ ಧೂಳು ಹಿಡಿಯುತ್ತದೆ. ಹಕ್ಕಿ ಹಿಕ್ಕೆ ಮಾತ್ರ ಕಂಡ ದಿನವೇ ನೆನೆಸಿ ತೆಗೆಯಿರಿ, ಬಿಸಿಲಿಗೆ ಬಿಟ್ಟರೆ ಪೇಂಟ್ ಸುಡುತ್ತದೆ.

ಮಂಗಳೂರಿನಿಂದ ಪ್ರಶ್ನೆ: ಸೀಟಿನ ಮೇಲೆ ಬೂಸ್ಟು ಬರುತ್ತಿದೆ. ಗ್ಲಾಸಿಗೂ ಮಂಜು.

ಉತ್ತರ: ಎರಡಕ್ಕೂ ಕಾರಣ ಒಳಗಿನ ತೇವ. ಒದ್ದೆ ಕೊಡೆಯನ್ನು ಸೀಟಿನ ಅಡಿಗೆ ಹಾಕಬೇಡಿ. ಫ್ಲೋರ್ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ, ನೀರು ಬಂದರೆ ಎಲ್ಲಿಂದಲೋ ಸೋರುತ್ತಿದೆ. ವೈಪರಿನ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದ್ದರೆ ಮೊದಲು ಅದನ್ನು ತೆಗೆಯಿರಿ. ಓಡಿಸುವಾಗ ಎಸಿ ಹಾಕಿ, ಹೊರಗಿನ ಗಾಳಿ ಒಳಗೆ ಬರುವ ಬಟನ್ ಒತ್ತಿ. ಒಳಗಿನ ಗಾಳಿಯನ್ನೇ ತಿರುಗಿಸಿದರೆ ಮಂಜು ಬೇಗ ಹೋಗುವುದಿಲ್ಲ. ಬೂಸ್ಟನ್ನು ಒಣ ಬಟ್ಟೆಯಲ್ಲಿ ಕೊಡವಬೇಡಿ, ಕಾರಿನ ತುಂಬಾ ಹರಡುತ್ತದೆ. ಬಾಗಿಲು ತೆಗೆದಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆರೆದು ಒಣಗಿಸಿ. ಆಮೇಲೂ ವಾಸನೆ ಇದ್ದರೆ ಕ್ಯಾಬಿನ್ ಫಿಲ್ಟರ್ ಬದಲಿಸಿ. ಹೆಚ್ಚಿನ ಗಾಡಿಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ, ನೀವೇ ಹಾಕಬಹುದು.