ಹಿಂಬಾಗಿಲಿನ ಹ್ಯಾಂಡಲ್: ಭಾವನವರಿಗೆ ಉತ್ತರ

ಭಾವ, ನಮಸ್ಕಾರ. ಸ್ವಿಫ್ಟ್ ಮತ್ತು ಪಂಚ್ ಕಾರುಗಳ ಫೋಟೋ ಹಾಕಿ, ನೋಡಲು ಯಾವುದು ಚೆಂದ ಎಂದು ನಿನ್ನೆ ಈ ಗುಂಪಿನಲ್ಲಿ ಕೇಳಿದ್ದಿರಿ. ಎಲ್ಲರೂ ಮುಂಭಾಗದ ದೀಪಗಳನ್ನೂ ಬಣ್ಣವನ್ನೂ ಹೊಗಳಿದ್ದಾರೆ. ಅತ್ತೆಯವರು ಕೂರುವುದು ಹಿಂದಿನ ಸೀಟಿನಲ್ಲಾದ್ದರಿಂದ ನಾನು ಹಿಂಬಾಗಿಲಿನಿಂದಲೇ ಶುರು ಮಾಡುತ್ತೇನೆ.

ಪಂಚ್ ಫೋಟೋವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಹಿಂಬಾಗಿಲಿನ ಹ್ಯಾಂಡಲ್ ಬಾಗಿಲಿನ ತಗಡಿನ ಮೇಲಿಲ್ಲ. ಕಿಟಕಿ ಮುಗಿಯುವಲ್ಲಿ, ಕಪ್ಪು ಪಟ್ಟಿಯೊಳಗೆ ಹುದುಗಿದೆ. ನಾಲ್ಕು ಬಾಗಿಲಿನ ಕಾರು ಪಕ್ಕದಿಂದ ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿನಂತೆ ಕಾಣಲಿ ಎಂದು ಹೂಡಿದ ಉಪಾಯವಿದು. ಇಟಲಿಯ ಆಲ್ಫಾ ರೋಮಿಯೋ 1997ರ ತನ್ನ 156 ಮಾದರಿಯಲ್ಲಿ ಇದನ್ನು ಹೆಸರುವಾಸಿ ಮಾಡಿತು. ನಮ್ಮ ರಸ್ತೆಗಳಲ್ಲಿ 2010ರ ಷೆವರ್ಲೆ ಬೀಟ್, ಆಮೇಲೆ ಮಹೀಂದ್ರ ಕೆಯುವಿ 100, 2018ರ ಸ್ವಿಫ್ಟ್ ಎಲ್ಲವೂ ಇದೇ ದಾರಿ ಹಿಡಿದವು. 2024ರ ಸ್ವಿಫ್ಟ್‌ನಲ್ಲಿ ಮಾತ್ರ ಹ್ಯಾಂಡಲ್ ಮತ್ತೆ ಬಾಗಿಲಿನ ಮೇಲೆ, ಕೈಗೆ ಸುಲಭವಾಗಿ ಸಿಗುವ ಎತ್ತರಕ್ಕೆ ಇಳಿದು ಬಂದಿದೆ. ಪಕ್ಕದ ನೋಟದ ಬಿಗಿ ಇದರಿಂದ ಸ್ವಲ್ಪ ಸಡಿಲವಾಯಿತೆಂದು ನನಗೂ ಅನ್ನಿಸಿತು, ಆದರೂ ಅದು ಒಳ್ಳೆಯ ತಿದ್ದುಪಡಿಯೇ. ಹೀಗೆ ಹ್ಯಾಂಡಲ್ ಅಡಗಿಸಿಟ್ಟ ಕಾರೊಂದರಲ್ಲಿ ಮದುವೆಗೆ ಹೊರಟಾಗ ನಮ್ಮ ದೊಡ್ಡಮ್ಮ ಹಿಂಬಾಗಿಲನ್ನು ತಡವಿ ತಡವಿ, ಕೊನೆಗೆ "ಇದಕ್ಕೆ ಹಿಂದೆ ಬಾಗಿಲೇ ಇಟ್ಟಿಲ್ಲವೇನೋ" ಎಂದು ಮುಂದಿನ ಸೀಟಿಗೆ ಹೋಗಿ ಕೂತಿದ್ದರು. ಪುಟ್ಟನ ಕೈಗೆ ಎಟುಕದಿರುವುದೇ ಅನುಕೂಲ ಎಂದು ಅಕ್ಕ ವಾದಿಸಬಹುದು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಹಾಗೆಂದು ಪಂಚ್ ಅನ್ನು ತಳ್ಳಿಹಾಕುತ್ತಿಲ್ಲ. ಅದರ ಬಾಗಿಲುಗಳು 90 ಡಿಗ್ರಿಯವರೆಗೆ, ಅಂದರೆ ಕಾರಿಗೆ ನೇರ ಅಡ್ಡಲಾಗಿ ತೆರೆದುಕೊಳ್ಳುತ್ತವೆ. 2021ರಲ್ಲಿ ಬಂದಾಗ ಅದರ ಎತ್ತರ 1,615 ಮಿಲಿಮೀಟರ್ ಇತ್ತು, ಹೊಸ ಸ್ವಿಫ್ಟ್‌ನದು 1,520. ಮಂಡಿ ನೋವಿರುವ ಅತ್ತೆಯವರು ತಲೆ ತಗ್ಗಿಸಿ ಒಳಗೆ ನುಸುಳುವ ಬದಲು, ಸೀಟಿಗೆ ಬೆನ್ನು ಮಾಡಿ ಮೊದಲು ಕುಳಿತು, ನಂತರ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆಳೆದುಕೊಳ್ಳುವುದು ಅಲ್ಲಿ ಸುಲಭ. ಆದರೆ ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಂಬಕ್ಕೂ ಪಕ್ಕದ ಮನೆಯವರ ಕಾರಿಗೂ ನಡುವೆ ಬಾಗಿಲು ಅಷ್ಟು ಅಗಲ ತೆರೆಯಲು ಜಾಗವೆಲ್ಲಿದೆ? ಅವರನ್ನು ಗೇಟಿನ ಹತ್ತಿರವೇ ಹತ್ತಿಸಿಕೊಳ್ಳಬೇಕಾಗುತ್ತದೆ.

ಎರಡರ ಹಿಂಭಾಗವೂ ಕತ್ತರಿಸಿದಂತಿದೆ ಎಂದು ಚಿಕ್ಕಪ್ಪ ಬರೆದಿದ್ದರು. ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳಿಗೆ ತೆರಿಗೆ ಕಡಿಮೆ ಎಂಬ ನಿಯಮ 2006ರ ಬಜೆಟ್‌ನಲ್ಲಿ ಬಂದಂದಿನಿಂದ ವಿನ್ಯಾಸಕಾರರು ಆ ಅಳತೆಯೊಳಗೇ ಬಾಲ ಮುಗಿಸುತ್ತಿದ್ದಾರೆ.

ಶನಿವಾರ ಶೋರೂಮಿಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ದಯವಿಟ್ಟು ನೀವಾಗಲಿ ಅಲ್ಲಿನ ಹುಡುಗರಾಗಲಿ ಬಾಗಿಲು ತೆಗೆದುಕೊಡಬೇಡಿ. ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ಅವರೇ ತೆಗೆದು ಕೂತು ಇಳಿಯಲಿ. ಬಣ್ಣದ ಮಾತು ಆಮೇಲೆ ಆಡೋಣ.